‘ವೃತ್ತಿ: ಕೃಷಿ’ ಅಂದರೆ ಏನರ್ಥ? ಪಂಚಾಯ್ತಿಯಿಂದ ವಿಧಾನಸೌಧದವರೆಗೆ ನಮ್ಮ ನಾಯಕರ ಹಿಂದಿನ ಕೆಲಸಗಳು

ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಕರೆಂಟ್ ಕಂಬಕ್ಕೆ ಯಾವಾಗಲೂ ಒಂದಲ್ಲ ಒಂದು ಫ್ಲೆಕ್ಸ್ ನೇತಾಡುತ್ತಿರುತ್ತದೆ. ಯುಗಾದಿಗೆ ಶುಭಾಶಯ, ಜಾತ್ರೆಗೆ ಸುಸ್ವಾಗತ, ಇಲ್ಲವೇ ಯಾರದೋ ಹುಟ್ಟುಹಬ್ಬ. ಬಿಳಿ ಅಂಗಿ, ಮುಗಿದ ಕೈ, ಹೆಸರಿನ ಕೆಳಗೆ ‘ಸಮಾಜ ಸೇವಕರು ಹಾಗೂ ಯುವ ಮುಖಂಡರು’. ಪಂಚಾಯ್ತಿ ಚುನಾವಣೆ ಮಾತು ಬಂತು ಅಂದರೆ ಒಂದಿದ್ದ ಫ್ಲೆಕ್ಸ್ ಐದಾಗುತ್ತದೆ. ಪಕ್ಕದ ಟೀ ಅಂಗಡಿಯಲ್ಲಿ ಕೂತವರು ಅದನ್ನು ನೋಡಿ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ‘ಅದೆಲ್ಲಾ ಸರಿ, ಇವರು ಹೊಟ್ಟೆಪಾಡಿಗೆ ಏನ್ ಮಾಡ್ತಾರೆ?’

ಕುಹಕ ಅನ್ನಿಸಿದರೂ ಒಳ್ಳೆಯ ಪ್ರಶ್ನೆ. ಊರಿನ ಚರಂಡಿಯಿಂದ ಹಿಡಿದು ರಾಜ್ಯದ ಬಜೆಟ್‌ವರೆಗೆ ತೀರ್ಮಾನ ಮಾಡುವವರು ಅಲ್ಲಿಗೆ ಬರುವ ಮುಂಚೆ ಏನು ಮಾಡುತ್ತಿದ್ದರು? ಕೆಲವು ಕೆಲಸದವರೇ ಯಾಕೆ ರಾಜಕೀಯಕ್ಕೆ ಜಾಸ್ತಿ ಬರುತ್ತಾರೆ? ಡಾಕ್ಟರ್ ಆಗಿದ್ದವರು ಮಂತ್ರಿಯಾದರೆ ಆಸ್ಪತ್ರೆ ಸುಧಾರಿಸುತ್ತದಾ? ಕರ್ನಾಟಕದ ಉದಾಹರಣೆಗಳನ್ನೇ ಇಟ್ಟುಕೊಂಡು, ಮೊದಲಿನಿಂದ ನೋಡೋಣ.

ಕಾನೂನು ಏನು ಕೇಳುತ್ತದೆ?

ಬಹಳ ಕಡಿಮೆ ಕೇಳುತ್ತದೆ. ಶಾಸಕರಾಗಲು ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಿಧಾನ ಪರಿಷತ್ತಿಗೆ 30 ವರ್ಷ, ಗ್ರಾಮ ಪಂಚಾಯ್ತಿಗೆ 21 ವರ್ಷ. ಇಂಥದ್ದೇ ಕೆಲಸ ಮಾಡಿರಬೇಕು ಅಂತಾಗಲಿ, ಇಷ್ಟು ಓದಿರಬೇಕು ಅಂತಾಗಲಿ ಎಲ್ಲೂ ಇಲ್ಲ. ಪಂಚಾಯ್ತಿಗೆ ನಿಲ್ಲುವವರು ಇಂತಿಷ್ಟು ಓದಿರಲೇಬೇಕು ಎಂದು ಹರಿಯಾಣ ಮತ್ತು ರಾಜಸ್ಥಾನ ಕಾನೂನು ಮಾಡಿದ್ದವು. ಹರಿಯಾಣದ ಕಾನೂನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಿತು. ರಾಜಸ್ಥಾನ ತನ್ನದನ್ನು 2019ರಲ್ಲಿ ತಾನೇ ಕೈಬಿಟ್ಟಿತು. ಕರ್ನಾಟಕದಲ್ಲಿ ಅಂಥ ನಿಯಮವಿಲ್ಲ. ಹೆಬ್ಬೆಟ್ಟು ಒತ್ತುವವರೂ ಅಧ್ಯಕ್ಷರಾಗಬಹುದು, ಆಗಿದ್ದಾರೆ ಕೂಡ.

ಇನ್ನೊಂದು ಕಡೆ, ಕೆಲವು ಕೆಲಸದಲ್ಲಿ ಇರುವವರು ನಿಲ್ಲುವ ಹಾಗಿಲ್ಲ. ಸರ್ಕಾರಿ ನೌಕರರು ರಾಜೀನಾಮೆ ಕೊಟ್ಟೇ ಕಣಕ್ಕಿಳಿಯಬೇಕು. ಸರ್ಕಾರದ ಸಂಬಳ ತಗೊಂಡು ಸರ್ಕಾರವನ್ನೇ ಪ್ರಶ್ನೆ ಮಾಡುವ ಜಾಗದಲ್ಲಿ ಕೂರುವುದು ಸರಿಯಲ್ಲ ಅನ್ನುವುದು ಇದರ ಹಿಂದಿನ ತರ್ಕ.

ಹಾಗಾದರೆ ‘ನೀವು ಇಲ್ಲಿಯವರೆಗೆ ಏನು ಮಾಡಿದ್ದೀರಿ’ ಎಂದು ಸಂವಿಧಾನ ಕೇಳುವ ಜಾಗ ಒಂದಾದರೂ ಇದೆಯಾ? ಇದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11 ನಾಮಕರಣದವು. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜ ಸೇವೆ ಇವುಗಳಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇದ್ದವರನ್ನು ಅಲ್ಲಿಗೆ ಹೆಸರಿಸಬೇಕು. ರಾಜ್ಯಸಭೆಯ ನಾಮಕರಣಕ್ಕೂ ಹೆಚ್ಚುಕಡಿಮೆ ಇದೇ ಪಟ್ಟಿ, ಆದರೆ ಅಲ್ಲಿ ‘ಸಹಕಾರ ಚಳವಳಿ’ ಇಲ್ಲ. ಹಳ್ಳಿಯ ಸೊಸೈಟಿ ನಡೆಸಿದ ಅನುಭವಕ್ಕೆ ಸಂವಿಧಾನ ರಾಜ್ಯದ ಮಟ್ಟದಲ್ಲಿ ಮಾತ್ರ ಕುರ್ಚಿ ಇಟ್ಟಿದೆ.

ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರ ಏಳು, ಪದವೀಧರ ಕ್ಷೇತ್ರ ಏಳು ಇವೆಯಲ್ಲ ಎಂದು ನೀವು ಕೇಳಬಹುದು. ಅಲ್ಲೊಂದು ತಮಾಷೆ ಇದೆ. ಶಿಕ್ಷಕರೋ ಪದವೀಧರರೋ ಆಗಿರಬೇಕಾದ್ದು ಮತ ಹಾಕುವವರು. ನಿಲ್ಲುವವರಲ್ಲ. ಪದವೀಧರ ಕ್ಷೇತ್ರದಿಂದ ಗೆಲ್ಲುವವರು ಪದವೀಧರರೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಆದರೂ ತಮ್ಮವರೇ ಬೇಕು ಅಂತ ಮತದಾರರು ಆರಿಸುವುದುಂಟು. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಗೆದ್ದರು. 2022ರಲ್ಲಿ ಎಂಟನೇ ಸಲ ಗೆದ್ದರು.

ಅಫಿಡವಿಟ್‌ನ ಆ ಒಂದು ಸಾಲು

ನಾಮಪತ್ರದ ಜೊತೆ ಅಭ್ಯರ್ಥಿಗಳು ಪ್ರಮಾಣಪತ್ರ ಕೊಡಬೇಕು. ಎಲ್ಲರ ಬಾಯಲ್ಲೂ ಅದು ಅಫಿಡವಿಟ್. ಇದು ಬಂದದ್ದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ. ಮತ ಹಾಕುವವನಿಗೆ ಅಭ್ಯರ್ಥಿ ಯಾರು, ಏನು ಅಂತ ತಿಳಿಯುವ ಹಕ್ಕಿದೆ ಎಂದು ಕೋರ್ಟ್ ಹೇಳಿತು. ಶಾಸಕ, ಸಂಸದರ ಚುನಾವಣೆಯಲ್ಲಿ ಇದಕ್ಕೆ ‘ನಮೂನೆ 26’ ಎಂದು ಹೆಸರು. ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಓದು ಎಲ್ಲವೂ ಅದರಲ್ಲಿ ಇರುತ್ತವೆ. ಸ್ಥಳೀಯ ಚುನಾವಣೆಗಳಲ್ಲೂ ರಾಜ್ಯ ಚುನಾವಣಾ ಆಯೋಗ ಇಂಥ ಘೋಷಣೆ ಕೇಳುತ್ತದೆ.

ಚುನಾವಣೆ ಬಂದಾಗ ಪೇಪರಿನವರು ಆಸ್ತಿಯ ಪುಟ ಬಿಡಿಸಿ ಕೂರುತ್ತಾರೆ. ಯಾರ ಹತ್ತಿರ ಎಷ್ಟು ಕೆ.ಜಿ. ಬೆಳ್ಳಿ, ಯಾರ ಹೆಂಡತಿ ಹೆಸರಲ್ಲಿ ಯಾವ ಕಾರು ಅನ್ನುವುದೇ ಸುದ್ದಿ. ಅದೇ ಪತ್ರದಲ್ಲಿ ‘ವೃತ್ತಿ ಅಥವಾ ಉದ್ಯೋಗ’ ಅನ್ನುವ ಸಾಲೊಂದಿದೆ. ಒಂದು ಅಭ್ಯರ್ಥಿಗೆ, ಇನ್ನೊಂದು ಗಂಡ ಅಥವಾ ಹೆಂಡತಿಗೆ. ಅದರತ್ತ ಯಾರೂ ಜಾಸ್ತಿ ನೋಡುವುದಿಲ್ಲ. ಸುಮ್ನೆ ಅಲ್ಲ ಬಿಡಿ, ಅಲ್ಲಿ ನೋಡುವಂಥದ್ದನ್ನು ಬರೆದಿರುವುದೂ ಕಡಿಮೆ. ‘ಕೃಷಿ’, ‘ಕೃಷಿ ಮತ್ತು ವ್ಯಾಪಾರ’, ‘ಸಮಾಜ ಸೇವೆ’. ಮುಗಿಯಿತು.

ಮುಂದೆ ವೃತ್ತಿಯ ಕೆಳಗೆ ‘ವರಮಾನದ ಮೂಲ’ ಅನ್ನುವ ಸಾಲೂ ಸೇರಿತು. ಸರ್ಕಾರದ ಜೊತೆ ಇರುವ ಗುತ್ತಿಗೆಗಳ ವಿವರವನ್ನೂ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ವೃತ್ತಿಯ ಸಾಲಿಗಿಂತ ಇವೆರಡೇ ಹೆಚ್ಚು ಮಾತಾಡುತ್ತವೆ. ‘ವೃತ್ತಿ: ಸಮಾಜ ಸೇವೆ’ ಎಂದು ಬರೆದವರು ಕೆಳಗೆ ‘ವರಮಾನ: ಬಾಡಿಗೆ, ಬಡ್ಡಿ’ ಎಂದು ಬರೆದಿದ್ದರೆ, ಸೇವೆಗೆ ಬಿಡುವು ಎಲ್ಲಿಂದ ಬಂತು ಅನ್ನುವುದು ತಿಳಿಯುತ್ತದೆ ಅಲ್ವಾ?

ಯಾವ ಕಾಲಂ ಅನ್ನೂ ಖಾಲಿ ಬಿಡುವ ಹಾಗಿಲ್ಲ ಎಂದು 2013ರಲ್ಲಿ ಕೋರ್ಟ್ ಹೇಳಿದೆ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಬೀಳಬಹುದು. ಆದರೆ ‘ಸಮಾಜ ಸೇವೆ’ ಅನ್ನುವುದನ್ನು ಸುಳ್ಳು ಎಂದು ಸಾಬೀತು ಮಾಡುವುದು ಹೇಗೆ ಹೇಳಿ!

‘ಕೃಷಿ’ ಅಂದರೆ ಯಾವ ಕೃಷಿ?

ಅಫಿಡವಿಟ್‌ಗಳಲ್ಲಿ ಪದೇಪದೇ ಕಾಣುವ ಪದ ಇದೇ. ಆದರೆ ಈ ಒಂದು ಪದದೊಳಗೆ ಮೂರು ನಾಲ್ಕು ಥರದ ಜನ ಇದ್ದಾರೆ. ಬೆಳಗ್ಗೆ ಎದ್ದು ತಾವೇ ನೀರು ಕಟ್ಟುವವರು ಒಬ್ಬರು. ಅಪ್ಪನ ಕಾಲದ ಅಡಿಕೆ ತೋಟವನ್ನು ಆಳು ಇಟ್ಟು ನೋಡಿಕೊಳ್ಳುವವರು ಇನ್ನೊಬ್ಬರು. ಜಮೀನು ಊರಲ್ಲಿ, ವಾಸ ಬೆಂಗಳೂರಲ್ಲಿ, ಪಹಣಿಯಲ್ಲಿ ಮಾತ್ರ ಹೆಸರು ಅನ್ನುವವರು ಮತ್ತೊಬ್ಬರು. ಮೂವರೂ ಬರೆಯುವುದು ‘ಕೃಷಿ’ ಎಂದೇ. ಮೂವರದೂ ಸುಳ್ಳಲ್ಲ.

ಈ ಪದಕ್ಕೆ ಅಷ್ಟು ಬೇಡಿಕೆ ಯಾಕೆ? ಮೊದಲನೆಯದು ಗೌರವ. ‘ನಾನು ರೈತನ ಮಗ’ ಎಂದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ‘ನಾನು ಫೈನಾನ್ಸ್ ನಡೆಸುತ್ತೇನೆ’ ಎಂದರೆ ಬೀಳುವುದಿಲ್ಲ. ಎರಡನೆಯದು ತೆರಿಗೆ. ಕೃಷಿ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಮೂರನೆಯದು ಕರ್ನಾಟಕದ್ದೇ ಕಾರಣ. 2020ರ ತಿದ್ದುಪಡಿ ಬರುವವರೆಗೆ ಇಲ್ಲಿ ಎಲ್ಲರೂ ಹೊಲ ಕೊಳ್ಳುವ ಹಾಗಿರಲಿಲ್ಲ. ಬೇಸಾಯದ ಹಿನ್ನೆಲೆ ಇಲ್ಲದವರಿಗೆ ತಡೆ ಇತ್ತು. ಬೇರೆ ಮೂಲದ ವರಮಾನ ವರ್ಷಕ್ಕೆ 25 ಲಕ್ಷ ದಾಟಿದವರಿಗೂ ತಡೆ ಇತ್ತು. ಹಾಗಾಗಿ ‘ಕೃಷಿಕ’ ಅನ್ನುವುದು ಬರೀ ಬಿರುದಾಗಿರಲಿಲ್ಲ, ಜಮೀನು ಕೊಳ್ಳುವ ರಹದಾರಿಯೂ ಆಗಿತ್ತು.

ನಿಜವಾಗಿ ಹೊಲದಿಂದ ಬಂದವರೂ ಇದ್ದಾರೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮೈಸೂರು, ಬೆಂಗಳೂರಲ್ಲಿ ಓದಿ ಪದವಿ ಪಡೆದರು. ನೌಕರಿ ಹುಡುಕಲಿಲ್ಲ, ಊರಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. ಅಲ್ಲಿಂದ 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1972ರಲ್ಲಿ ಮುಖ್ಯಮಂತ್ರಿ ಪಟ್ಟ. ಉಳುವವನಿಗೇ ಭೂಮಿ ಎಂಬ ಸುಧಾರಣೆಯನ್ನು ಜಾರಿಗೆ ತಂದವರು ಗೇಣಿ, ವಾರ ಅನ್ನುವುದನ್ನು ಹತ್ತಿರದಿಂದ ನೋಡಿದ್ದರು ಅನ್ನುವುದು ಸಣ್ಣ ವಿಷಯವಲ್ಲ.

ಕರಿಕೋಟಿನ ಕಾಲ

ಅರಸು ಅವರಿಗಿಂತ ಮುಂಚೆ ಮುಖ್ಯಮಂತ್ರಿ ಆದವರನ್ನು ನೋಡಿ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ. 1947ರಿಂದ 1971ರವರೆಗೆ ಏಳು ಜನ, ಏಳೂ ಜನ ಕಾನೂನು ಓದಿದವರು. ಬೆರಳೆಣಿಸುತ್ತಾ ಮುಂದೆ ಬಂದರೆ, 2023ರವರೆಗೆ ಆ ಕುರ್ಚಿಯಲ್ಲಿ ಕೂತವರು ಒಟ್ಟು 23 ಮಂದಿ. ಅವರಲ್ಲಿ ಕಾನೂನು ಪದವಿಯ ದಾರಿಯಲ್ಲಿ ಬರದವರು ಆರೇ ಜನ: ಅರಸು, ಗುಂಡೂರಾವ್, ದೇವೇಗೌಡ, ಕುಮಾರಸ್ವಾಮಿ, ಯಡಿಯೂರಪ್ಪ, ಬಸವರಾಜ ಬೊಮ್ಮಾಯಿ.

ವಕೀಲರೇ ಯಾಕೆ? ಒಂದು, ವಕೀಲಿಕೆಗೆ ಯಜಮಾನ ಇಲ್ಲ. ಚಳವಳಿಗೆ ಹೋಗಿ ಮೂರು ತಿಂಗಳು ಜೈಲಲ್ಲಿದ್ದು ಬಂದರೂ ಕೆಲಸದಿಂದ ತೆಗೆಯುವವರು ಯಾರೂ ಇಲ್ಲ. ಚುನಾವಣೆ ಸೋತರೆ ಮತ್ತೆ ಕರಿಕೋಟು ಹಾಕಿಕೊಂಡರಾಯಿತು. ಶಾಸಕರಾಗಿದ್ದುಕೊಂಡೇ ವಕೀಲಿಕೆ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲೂ ಹೇಳಿದೆ. ಬ್ಯಾಂಕ್ ಗುಮಾಸ್ತನಿಗೋ ಮೇಷ್ಟ್ರಿಗೋ ಈ ಅನುಕೂಲ ಇಲ್ಲ.

ಎರಡು, ಅವರ ಆಫೀಸು ಇರುವ ಜಾಗ. ತಾಲ್ಲೂಕು ಕೋರ್ಟಿನ ಎದುರು ಬೆಳಗ್ಗೆ ಹತ್ತಕ್ಕೆ ಹೋಗಿ ನಿಂತು ನೋಡಿ. ಸುತ್ತಮುತ್ತಲ ಹಳ್ಳಿಗಳಿಂದ ಬದುವಿನ ಜಗಳ, ಪಾಲಿನ ಕೇಸು, ಜೀವನಾಂಶ, ಚೆಕ್ ಬೌನ್ಸ್ ಹಿಡಿದುಕೊಂಡು ಜನ ಬಂದಿರುತ್ತಾರೆ. ಹತ್ತು ವರ್ಷ ಅಲ್ಲಿ ಕೂತ ವಕೀಲರಿಗೆ ಯಾವ ಊರಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಅನ್ನುವುದು ಬಾಯಿಪಾಠ. ಮತ ಕೇಳಲು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ವಕೀಲರಾಗಿ ಗಿರಣಿ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆ ಕೊಡುತ್ತಿದ್ದರು. 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು.

ಆರು ಜನರ ಕಡೆ ಮತ್ತೆ ಬರೋಣ. ಅವರಲ್ಲಿ ಇಬ್ಬರು ಮುಖ್ಯಮಂತ್ರಿಗಳ ಮಕ್ಕಳು. ಕುಮಾರಸ್ವಾಮಿ ಸಿನಿಮಾ ನಿರ್ಮಾಪಕರಾಗಿದ್ದರು. ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪುಣೆಯ ಟಾಟಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಇಂಥವರ ಅಫಿಡವಿಟ್‌ನಲ್ಲಿ ವೃತ್ತಿ ಏನೇ ಇರಲಿ, ರಾಜಕೀಯ ಕಲಿತದ್ದು ಮನೆಯ ಜಗಲಿಯಲ್ಲೇ. ಅದನ್ನು ಬರೆಯುವ ಕಾಲಂ ಇಲ್ಲ, ಅಷ್ಟೆ. ಇನ್ನೊಂದು ಮಾತು: ಪಕ್ಕದ ತಮಿಳುನಾಡಿನಲ್ಲಿ ಎಂಜಿಆರ್, ಜಯಲಲಿತಾ, ಆಂಧ್ರದಲ್ಲಿ ಎನ್‌ಟಿಆರ್ ತೆರೆಯಿಂದ ಬಂದು ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತರು. ಕರ್ನಾಟಕದಲ್ಲಿ ನಟರು ಮಂತ್ರಿಗಳಾದದ್ದುಂಟು, ಮುಖ್ಯಮಂತ್ರಿಯಾದದ್ದಿಲ್ಲ.

ಡೈರಿ, ಸೊಸೈಟಿ, ಪುರಸಭೆ

ನನ್ನ ಕೇಳಿದರೆ, ನಾಯಕರ ಹಿನ್ನೆಲೆಯಲ್ಲಿ ಅಫಿಡವಿಟ್ ಹೇಳದೇ ಬಿಡುವ ದೊಡ್ಡ ಸಂಗತಿ ಇದು. ವೃತ್ತಿ ಅಂದರೆ ಹೊಟ್ಟೆಪಾಡು. ರಾಜಕೀಯದ ತಾಲೀಮು ಬೇರೆಯೇ ಕಡೆ ನಡೆದಿರುತ್ತದೆ.

ಊರಿನ ಹಾಲಿನ ಡೈರಿಯನ್ನೇ ತಗೊಳ್ಳಿ. ದಿನಕ್ಕೆ ಎರಡು ಹೊತ್ತು ಊರಿನ ಅರ್ಧ ಮನೆಗಳವರು ಕ್ಯಾನು ಹಿಡಿದು ಬರುವ ಜಾಗ. ಹಾಲು ನೀರಾಗಿದೆ ಎಂದು ವಾಪಸ್ ಕಳಿಸಿದರೆ ಜಗಳ, ಬಟವಾಡೆ ಎರಡು ದಿನ ತಡವಾದರೆ ಜಗಳ. ಅಲ್ಲಿ ಅಧ್ಯಕ್ಷನಾದವನು ಲೆಕ್ಕ ಓದಲು ಕಲಿಯುತ್ತಾನೆ, ಒಕ್ಕೂಟದ ಅಧಿಕಾರಿ ಜೊತೆ ಮಾತಾಡಲು ಕಲಿಯುತ್ತಾನೆ, ಬೈಸಿಕೊಂಡೂ ನಗಲು ಕಲಿಯುತ್ತಾನೆ. ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಬೆಳೆ ಸಾಲ ಹಂಚುವುದೂ ಹಾಗೇ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದೇ ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ. ಸೊಸೈಟಿಯಿಂದ ಜಿಲ್ಲೆಯ ಸಹಕಾರಿ ಬ್ಯಾಂಕಾದ ಡಿಸಿಸಿ ಬ್ಯಾಂಕ್, ಅಲ್ಲಿಂದ ರಾಜ್ಯಮಟ್ಟದ ಅಪೆಕ್ಸ್ ಬ್ಯಾಂಕ್, ಅಲ್ಲಿಂದ ವಿಧಾನಸೌಧ. ಈ ದಾರಿ ಸವೆದು ಹೆದ್ದಾರಿಯೇ ಆಗಿದೆ. ತುಮಕೂರು ಡಿಸಿಸಿ ಬ್ಯಾಂಕ್ ಮತ್ತು ಅಪೆಕ್ಸ್ ಬ್ಯಾಂಕಿನ ಅಧ್ಯಕ್ಷರಾಗಿದ್ದ ಕೆ.ಎನ್. ರಾಜಣ್ಣ 2023ರಲ್ಲಿ ಸಹಕಾರ ಸಚಿವರಾದರು.

ದೇವೇಗೌಡರು ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿ ಕಂಟ್ರಾಕ್ಟರ್ ಆಗಿದ್ದರು. ಆದರೆ ಅವರನ್ನು ತಯಾರು ಮಾಡಿದ್ದು ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿ. 1962ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. 1996ರಲ್ಲಿ ಪ್ರಧಾನಿಯಾದರು. ಸಿದ್ದರಾಮಯ್ಯ ಮೈಸೂರಿನಲ್ಲಿ ವಕೀಲರು, ಕಾನೂನು ಪಾಠವನ್ನೂ ಹೇಳುತ್ತಿದ್ದರು. ಅವರೂ 1978ರಲ್ಲಿ ಮೊದಲು ಗೆದ್ದದ್ದು ತಾಲ್ಲೂಕು ಮಂಡಳಿಗೆ. ಶಾಸಕರಾದದ್ದು 1983ರಲ್ಲಿ.

ಯಡಿಯೂರಪ್ಪ ಅವರದು ಇನ್ನೂ ಕೆಳಗಿನ ಮೆಟ್ಟಿಲಿಂದ ಶುರು. 1965ರ ಸುಮಾರಿಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ಗುಮಾಸ್ತರು. ಅದನ್ನು ಬಿಟ್ಟು ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದರು. ಆಮೇಲೆ ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ. ಅಕ್ಕಿ ಗಿರಣಿಯ ಗುಮಾಸ್ತನಿಗೆ ಭತ್ತ ತರುವ ಪ್ರತಿ ರೈತನ ಮುಖ ಗೊತ್ತಿರುತ್ತದೆ. 1975ರಲ್ಲಿ ಶಿಕಾರಿಪುರ ಪುರಸಭೆ ಅಧ್ಯಕ್ಷರಾದರು, 1983ರಲ್ಲಿ ಶಾಸಕರಾದರು. ಮುಂದೆ ನಾಲ್ಕು ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡರು.

ಇವರೆಲ್ಲರಿಗಿಂತ ಮುಂಚೆ ಬಿ.ಡಿ. ಜತ್ತಿ ಇದೇ ದಾರಿಯಲ್ಲಿ ಅತಿ ದೂರ ಹೋಗಿದ್ದರು. ಜಮಖಂಡಿಯಲ್ಲಿ ವಕೀಲರು, 1940ರಲ್ಲಿ ಪುರಸಭೆ ಸದಸ್ಯರು, 1945ರಲ್ಲಿ ಅಧ್ಯಕ್ಷರು. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ. 1977ರಲ್ಲಿ ಐದು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿ. ಜಮಖಂಡಿಯ ನಲ್ಲಿ ನೀರಿನ ಅರ್ಜಿ ನೋಡಿದ ಕೈಗಳೇ ರಾಷ್ಟ್ರಪತಿ ಭವನದಲ್ಲಿ ಮಸೂದೆಗಳಿಗೆ ಸಹಿ ಹಾಕಿದವು.

ಕಂಟ್ರಾಕ್ಟರ್ ನಿಲ್ಲಬಹುದಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಉತ್ತರ ಅರ್ಧ ಜನಕ್ಕೆ ಗೊತ್ತಿಲ್ಲ. ಹಿಂದೆ ಕಂಟ್ರಾಕ್ಟರ್ ಆಗಿದ್ದರೆ ಏನೂ ಅಡ್ಡಿ ಇಲ್ಲ. ಆದರೆ ವಿಧಾನಸಭೆಗೆ ನಿಲ್ಲುವಾಗ ರಾಜ್ಯ ಸರ್ಕಾರದ ಜೊತೆ ಕಾಮಗಾರಿಯದೋ ಸಾಮಾನು ಪೂರೈಕೆಯದೋ ಗುತ್ತಿಗೆ ಚಾಲ್ತಿಯಲ್ಲಿ ಇರಬಾರದು. ಜನಪ್ರತಿನಿಧಿ ಕಾಯ್ದೆಯ 9ಎ ಕಲಮು ಇದನ್ನು ಹೇಳುತ್ತದೆ. ಅದರಲ್ಲೊಂದು ಸೂಕ್ಷ್ಮ ಇದೆ. ಕೆಲಸ ಪೂರ್ತಿ ಮುಗಿಸಿಕೊಟ್ಟು, ಸರ್ಕಾರದಿಂದ ಬಿಲ್ಲು ಮಾತ್ರ ಬಾಕಿ ಇದ್ದರೆ ಗುತ್ತಿಗೆ ಮುಗಿದ ಹಾಗೆಯೇ ಲೆಕ್ಕ. ಬಿಲ್ಲು ಎಷ್ಟು ವರ್ಷ ಬಾಕಿ ಇರುತ್ತದೆ ಅಂತ ಗೊತ್ತಿದ್ದವರೇ ಈ ವಿವರಣೆ ಸೇರಿಸಿರಬೇಕು.

ಪಂಚಾಯ್ತಿಯಲ್ಲೂ ಹೀಗೇ. ಆ ಪಂಚಾಯ್ತಿಯ ಕೆಲಸದಲ್ಲಿ ಪಾಲಿದ್ದರೆ ಸದಸ್ಯನಾಗುವಂತಿಲ್ಲ. ಭಾಮೈದನ ಹೆಸರಲ್ಲಿ ಲೈಸೆನ್ಸ್ ಇದ್ದರೆ? ಅದನ್ನು ಸಾಬೀತು ಮಾಡುವ ಹೊಣೆ ದೂರು ಕೊಟ್ಟವರ ತಲೆ ಮೇಲೆ ಬರುತ್ತದೆ. ಊರಿಗೆಲ್ಲ ಗೊತ್ತಿರುವುದು ಬೇರೆ, ಕಾಗದದಲ್ಲಿ ಇರುವುದು ಬೇರೆ.

‘ಗೃಹಿಣಿ’ ಅನ್ನುವ ವೃತ್ತಿ

ಪಂಚಾಯ್ತಿ ಮಟ್ಟಕ್ಕೆ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. 1983ರ ಕಾಯ್ದೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು. ಅದರ ಹಿಂದಿದ್ದವರು ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎಂದು ಹೆಸರಾದವರು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಭಾಗ ಎಂದಿತು. 2010ರಲ್ಲಿ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಸುಮಾರು ಆರು ಸಾವಿರ ಗ್ರಾಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸದಸ್ಯರು, ಅರ್ಧದಷ್ಟು ಅಧ್ಯಕ್ಷರು ಹೆಂಗಸರು. ಅವರಲ್ಲಿ ಬಹಳಷ್ಟು ಜನರ ವೃತ್ತಿ ‘ಗೃಹಿಣಿ’ ಅಥವಾ ‘ಕೂಲಿ’.

ಈ ಪದವೂ ‘ಕೃಷಿ’ಯ ಹಾಗೇ, ಒಳಗಿರುವುದನ್ನು ಮುಚ್ಚಿಡುತ್ತದೆ. ಒಮ್ಮೆ ಒಂದು ಪಂಚಾಯ್ತಿ ಕಚೇರಿಯಲ್ಲಿ ಕೂತಿದ್ದೆ. ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವರ ಗಂಡ. ಬಂದವರೆಲ್ಲ ಮಾತಾಡುತ್ತಿದ್ದದ್ದು ಆತನ ಜೊತೆ. ಬಿಲ್ ಪಾವತಿಗೆ ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿ ಬೇಕು. ಆ ಸಹಿಗೆ ಕಂಪ್ಯೂಟರ್‌ಗೆ ಚುಚ್ಚುವ ಡಾಂಗಲ್ ಗಂಡನ ಅಂಗಿಯ ಜೇಬಿನಲ್ಲಿತ್ತು, ಪೆನ್ನಿನ ಪಕ್ಕ. ಮಧ್ಯಾಹ್ನದ ಹೊತ್ತಿಗೆ ಬೀದಿದೀಪದ ಒಂದು ಬಿಲ್ಲು ಬಂತು. ಅಲ್ಲಿಯವರೆಗೆ ಸುಮ್ಮನಿದ್ದ ಆಕೆ ಹಾಳೆ ಎಳೆದುಕೊಂಡು ಕೇಳಿದರು: ‘ಇಪ್ಪತ್ತು ಬಲ್ಬು ಅಂತಿದೆಯಲ್ಲ ಅಣ್ಣ, ನಮ್ಮ ಬೀದೀಲಿ ಇರೋ ಕಂಬಾನೇ ಹದಿನಾಲ್ಕು.’ ಪಿಡಿಒ ನಕ್ಕರು, ಗಂಡ ನಗಲಿಲ್ಲ. ಆಮೇಲೆ ತಿಳಿಯಿತು, ಆಕೆ ಒಂಬತ್ತು ವರ್ಷ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದವರು. ವಾರ ವಾರ ಉಳಿತಾಯ ವಸೂಲಿ, ಬಡ್ಡಿ ಲೆಕ್ಕ, ಬ್ಯಾಂಕ್ ಮ್ಯಾನೇಜರ್ ಜೊತೆ ಜಟಾಪಟಿ. ಘೋಷಣೆಯಲ್ಲಿ ಬರೆದದ್ದು ಮಾತ್ರ ‘ಗೃಹಿಣಿ’.

ಗಂಡಸರಿಗೆ ಡೈರಿ, ಸೊಸೈಟಿ ಹೇಗೋ, ಹೆಂಗಸರಿಗೆ ಸಂಘ ಹಾಗೆ. ಆದರೆ ಅಧ್ಯಕ್ಷ ಸ್ಥಾನದ ಅವಧಿ 30 ತಿಂಗಳು, ಮೀಸಲಾತಿ ಸರದಿಯ ಮೇಲೆ ಬದಲಾಗುತ್ತದೆ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಕುರ್ಚಿ ಬೇರೆಯವರ ಪಾಲು.

ಡಾಕ್ಟರೇ ಆರೋಗ್ಯ ಮಂತ್ರಿ ಆಗಬೇಕಾ?

ಆಗಲೇಬೇಕು ಅಂತೇನೂ ಇಲ್ಲ, ಆಗಿದ್ದೂ ಇದೆ. ಕೋವಿಡ್ ಕಾಲದಲ್ಲಿ ಆರೋಗ್ಯ ಖಾತೆ ನೋಡಿಕೊಂಡ ಕೆ. ಸುಧಾಕರ್ ಎಂಬಿಬಿಎಸ್ ಓದಿದವರು. 2023ರಲ್ಲಿ ಅದೇ ಖಾತೆಗೆ ಬಂದ ದಿನೇಶ್ ಗುಂಡೂರಾವ್ ಎಂಜಿನಿಯರ್. ಇತ್ತ 2013ರಲ್ಲಿ ರಸ್ತೆ, ಸೇತುವೆಗಳ ಲೋಕೋಪಯೋಗಿ ಇಲಾಖೆ ಸಿಕ್ಕಿದ್ದು ಡಾಕ್ಟರಾದ ಎಚ್.ಸಿ. ಮಹದೇವಪ್ಪ ಅವರಿಗೆ. ಬಿ.ಸಿ. ಪಾಟೀಲ ಸಬ್ ಇನ್ಸ್‌ಪೆಕ್ಟರ್ ಆಗಿದ್ದರು, ಸಿನಿಮಾ ನಟರಾದರು, 2020ರಲ್ಲಿ ಕೃಷಿ ಮಂತ್ರಿಯಾದರು. ಖಾತೆ ಹಂಚುವಾಗ ಜಿಲ್ಲೆ, ಜಾತಿ, ಹಿರಿತನ, ಬಣ ಎಲ್ಲ ನೋಡುತ್ತಾರೆ. ಓದಿದ್ದು ಹೊಂದಿದರೆ ಅದು ಬೋನಸ್.

ಹಾಗಾದರೆ ಇಲಾಖೆ ನಡೆಯುವುದು ಹೇಗೆ? ಮದುವೆ ಮನೆ ನೆನೆಸಿಕೊಳ್ಳಿ. ಯಜಮಾನರಿಗೆ ಸಾರಿಗೆ ಎಷ್ಟು ಬೇಳೆ ಹಾಕಬೇಕು ಗೊತ್ತಿರಬೇಕಿಲ್ಲ, ಅದು ಅಡುಗೆ ಭಟ್ಟರ ಕೆಲಸ. ಎಷ್ಟು ಜನ ಬರುತ್ತಾರೆ, ಎಷ್ಟು ಖರ್ಚು ಮಾಡಬೇಕು, ಯಾರನ್ನು ಮೊದಲ ಪಂಕ್ತಿಗೆ ಕೂರಿಸಬೇಕು ಅನ್ನುವುದು ಯಜಮಾನರ ತೀರ್ಮಾನ. ಸರ್ಕಾರದಲ್ಲಿ ಭಟ್ಟರ ಜಾಗದಲ್ಲಿ ಇರುವವರು ಪರೀಕ್ಷೆ ಬರೆದು ಬಂದ ಅಧಿಕಾರಿಗಳು. ಗ್ರಾಮ ಪಂಚಾಯ್ತಿಯಲ್ಲಿ ಪಿಡಿಒ, ಪುರಸಭೆಯಲ್ಲಿ ಮುಖ್ಯಾಧಿಕಾರಿ, ಮಹಾನಗರ ಪಾಲಿಕೆಯಲ್ಲಿ ಆಯುಕ್ತರು, ಜಿಲ್ಲಾ ಪಂಚಾಯ್ತಿಯಲ್ಲಿ ಸಿಇಒ. ನಮ್ಮ ನಗರಗಳ ಮೇಯರ್‌ಗೆ ಹೆಸರು ದೊಡ್ಡದು, ಆಡಳಿತದ ಅಧಿಕಾರ ಬಹುಪಾಲು ಆಯುಕ್ತರ ಕೈಯಲ್ಲಿ.

ಆದರೆ ಯಜಮಾನರಿಗೆ ಅಡುಗೆಮನೆ ಅಂದರೇನೇ ಗೊತ್ತಿಲ್ಲದಿದ್ದರೆ ಭಟ್ಟರು ಹೇಳಿದ್ದೇ ಲೆಕ್ಕ. ಹದಿನಾಲ್ಕು ಕಂಬಕ್ಕೆ ಇಪ್ಪತ್ತು ಬಲ್ಬು ಬರುವುದು ಆಗಲೇ. ಕೆಲವರು ಇದನ್ನು ಕುರ್ಚಿಯಲ್ಲಿ ಕೂತೇ ಕಲಿಯುತ್ತಾರೆ. ಸಿದ್ದರಾಮಯ್ಯ ಅರ್ಥಶಾಸ್ತ್ರದ ಪದವಿ ಪಡೆದವರಲ್ಲ, ವಿಜ್ಞಾನ ಮತ್ತು ಕಾನೂನು ಓದಿದವರು. 1990ರ ದಶಕದ ಮಧ್ಯದಲ್ಲಿ ಹಣಕಾಸು ಖಾತೆ ಕೈಗೆ ಬಂತು. 2025ರ ಮಾರ್ಚ್‌ನಲ್ಲಿ ಅವರು ಮಂಡಿಸಿದ್ದು 16ನೇ ಬಜೆಟ್.

ಮಧ್ಯದ ಮೆಟ್ಟಿಲು ಎಲ್ಲಿ?

ಈಗ ಏಣಿಯನ್ನು ಒಟ್ಟಾಗಿ ನೋಡಿ. ಕೆಳಗೆ ಡೈರಿ, ಸೊಸೈಟಿ, ಸಂಘ. ಅದರ ಮೇಲೆ ಗ್ರಾಮ ಪಂಚಾಯ್ತಿ, ಪುರಸಭೆ. ಅದರ ಮೇಲೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿ, ಮಹಾನಗರ ಪಾಲಿಕೆ. ತುದಿಯಲ್ಲಿ ವಿಧಾನಸೌಧ. 1987ರಲ್ಲಿ ಮೊದಲ ಜಿಲ್ಲಾ ಪರಿಷತ್ತುಗಳು ಬಂದಾಗ ಅವುಗಳ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟಿದ್ದರು. ಮಧ್ಯದ ಮೆಟ್ಟಿಲಿಗೆ ಅಷ್ಟು ತೂಕ ಇತ್ತು.

ಆ ಮೆಟ್ಟಿಲಿಗೇ ಈಗ ಗೆದ್ದಲು ಹಿಡಿದಿದೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಅಂತ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಬೆಂಗಳೂರಿನಲ್ಲಿ 198 ವಾರ್ಡುಗಳ ಬಿಬಿಎಂಪಿ, ಅಂದರೆ ಮಹಾನಗರ ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ಆಗಲೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಆ ಐದು ವರ್ಷದಲ್ಲಿ ತಾಲೀಮು ಪಡೆಯಬೇಕಿದ್ದವರಿಗೆ ಅಖಾಡವೇ ಇರಲಿಲ್ಲ. ಟಿಕೆಟ್ ಕೇಳುವಾಗ ‘ಜಿಲ್ಲಾ ಪಂಚಾಯ್ತಿ ಸದಸ್ಯನಾಗಿ ಹತ್ತು ಕೆರೆ ತುಂಬಿಸಿದ್ದೇನೆ’ ಎಂದು ಹೇಳಿಕೊಳ್ಳಲು ಆಗುವುದಿಲ್ಲ. ಹೇಳಿಕೊಳ್ಳಲು ಉಳಿಯುವುದು ದುಡ್ಡು, ಮನೆತನ, ಫ್ಲೆಕ್ಸ್.

ನನ್ನ ಗೆಳೆಯನೊಬ್ಬ 2021ರಲ್ಲಿ ತಾಲ್ಲೂಕು ಪಂಚಾಯ್ತಿಗೆ ನಿಲ್ಲಲು ತಯಾರಾಗಿದ್ದ. ಎರಡು ಸಲ ಡೈರಿ ಅಧ್ಯಕ್ಷ, ಒಂದು ಸಲ ಗ್ರಾಮ ಪಂಚಾಯ್ತಿ ಸದಸ್ಯ. ಹದಿನೈದು ಅಡಿಯ ಫ್ಲೆಕ್ಸ್ ಮಾಡಿಸಿದ್ದ. ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಎರಡು ವರ್ಷ ಅದನ್ನು ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ. ಮೊನ್ನೆ ಅವನ ಕಣಕ್ಕೆ ಹೋಗಿದ್ದೆ. ಮಳೆ ಬರುವ ಹಾಗಿತ್ತು. ಮೆಕ್ಕೆಜೋಳದ ರಾಶಿಯ ಮೇಲೆ ಆ ಫ್ಲೆಕ್ಸ್ ಹೊದಿಸಿ ನಾಲ್ಕೂ ಮೂಲೆಗೆ ಕಲ್ಲು ಇಟ್ಟಿದ್ದ. ಬಣ್ಣ ಮಾಸಿತ್ತು. ‘ತಾಲ್ಲೂಕು ಪಂಚಾಯ್ತಿ ಪ್ರಬಲ ಆಕಾಂಕ್ಷಿ’ ಅನ್ನುವ ಅಕ್ಷರಗಳು ಮಾತ್ರ ಇನ್ನೂ ಚೆನ್ನಾಗಿಯೇ ಕಾಣುತ್ತಿದ್ದವು.